ಅಮರೋನೆಯ ಕೋಣೆಗೆ ಅವ್ವ ಬಂದಳು

ದ್ರಾಕ್ಷಿ ಒಣಗಿಸುವುದು ನನಗೆ ಗೊತ್ತು ಎಂದು ನಾನು ಹೇಳಬಾರದಿತ್ತು. ಹೇಳಿದೆ. ಡಚ್ ನಾಡಿನ ಐಂಡ್‌ಹೋವನ್ ಊರಾಚೆಯ ನಮ್ಮ ಪುಟ್ಟ ಕಂಪನಿಯ ಸಭೆಯಲ್ಲಿ, ಬ್ರೆಡ್ಡು ಚೀಸು ತಿನ್ನುತ್ತ ಕೂತಿದ್ದ ಎಲ್ಲರ ಎದುರಿಗೆ, ಎದೆ ಉಬ್ಬಿಸಿಕೊಂಡೇ ಹೇಳಿದೆ. ನಾನು ವಿಜಯಪುರದ ಕಡೆಯವಳು, ನಮ್ಮದು ಒಣದ್ರಾಕ್ಷಿ ಮಾಡುವ ಮನೆತನ, ನಡೆಯಲು ಕಲಿತದ್ದೇ ಒಣಗಿಸುವ ಶೆಡ್ಡಿನ ಕಂಬ ಹಿಡಿದುಕೊಂಡು ಎಂದೆ. ನಮ್ಮ ಬಾಸ್ ಬ್ರೆಡ್ಡು ಕೆಳಗಿಟ್ಟು, ಹಾಗಾದರೆ ಈ ಕೆಲಸ ನಿನ್ನದೇ ಎಂದರು.

ನಮ್ಮ ಕಂಪನಿ ಮಾಡುವುದು ಈರುಳ್ಳಿ ಮತ್ತು ಟ್ಯುಲಿಪ್ ಗೆಡ್ಡೆ ಒಣಗಿಸುವ ಗೋದಾಮುಗಳಿಗೆ ಬೇಕಾದ ಉಪಕರಣ. ಕೋಣೆಯ ಉಷ್ಣಾಂಶ ಎಷ್ಟು, ಗಾಳಿಯಲ್ಲಿ ತೇವ ಎಷ್ಟು ಎಂದು ಸೆನ್ಸರ್‌ಗಳು ಅಳೆಯುತ್ತವೆ. ನಾನು ಬರೆದ ಪ್ರೋಗ್ರಾಂ ಅದನ್ನು ನೋಡಿ ಫ್ಯಾನು ತಿರುಗಿಸುತ್ತದೆ, ಕಿಟಕಿ ತೆರೆಯುತ್ತದೆ. ಆ ವರ್ಷ ನಮಗೆ ಇಟಲಿಯಿಂದ ಒಂದು ವಿಚಾರಣೆ ಬಂದಿತ್ತು. ವೆರೋನಾ ಊರಿನ ಮೇಲಿನ ಗುಡ್ಡಗಳಲ್ಲಿ ದ್ರಾಕ್ಷಿ ಬೆಳೆದು ವೈನ್ ಮಾಡುವ ಎಪ್ಪತ್ತು ದಾಟಿದ ಒಬ್ಬ ಹೆಂಗಸು ಬರೆಸಿದ್ದರು. ಅವರು ಮಾಡುವ ವೈನಿನ ಹೆಸರು ಅಮರೋನೆ.

ಈ ವೈನಿನ ರೀತಿಯೇ ಬೇರೆ. ಬೇರೆ ವೈನಿಗೆ ಹಣ್ಣು ಕೊಯ್ದ ದಿನವೇ ಹಿಂಡುತ್ತಾರೆ. ಅಮರೋನೆಗೆ ಕೊಯ್ದ ಕಪ್ಪು ದ್ರಾಕ್ಷಿಯನ್ನು ಒಂದೇ ಪದರವಾಗಿ ತಟ್ಟೆಗಳಲ್ಲಿ ಹರಡಿ ಅಟ್ಟದ ಮೇಲೆ ಇಡುತ್ತಾರೆ. ಸುಮಾರು ನೂರು ದಿನ. ಹಣ್ಣು ಸುಕ್ಕುಗಟ್ಟಿ ತೂಕದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಇಳಿದ ಮೇಲೆ, ಚಳಿಗಾಲದ ನಡುವೆ ಹಿಂಡುತ್ತಾರೆ. ರಸ ಎಷ್ಟು ಗಟ್ಟಿಯಾಗಿರುತ್ತದೆಂದರೆ ಅದು ಹುದುಗೇಳಲು ವಾರಗಟ್ಟಲೆ ತಿಣುಕಾಡುತ್ತದೆ. ಆಮೇಲೆ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ವಾಸ.

ಆ ಹೆಂಗಸು ಮೊದಲ ಫೋನಿನಲ್ಲೇ ತಮ್ಮ ಕಷ್ಟ ಹೇಳಿಕೊಂಡರು. ಇಟಾಲಿಯನ್ ಮಾತನ್ನು ಅವರ ತಂಗಿಯ ಮಗಳು ಇಂಗ್ಲಿಷಿಗೆ ಮಾಡಿ ಹೇಳಿದಳು. ನಲವತ್ತು ವರ್ಷ ಅವರು ದಿನಕ್ಕೆರಡು ಸಲ ಏಣಿ ಹತ್ತಿ ಆ ಅಟ್ಟಕ್ಕೆ ಹೋಗಿದ್ದಾರೆ. ಒಣಗಾಳಿ ಬೀಸಿದರೆ ಕಿಟಕಿ ತೆರೆಯಬೇಕು, ಮಂಜು ಬಿದ್ದರೆ ಮುಚ್ಚಬೇಕು. ಈಗ ಮೊಣಕಾಲು ಕೈಕೊಟ್ಟಿದೆ. ಯಂತ್ರ ಆ ಕೆಲಸ ಮಾಡಬಲ್ಲದಾದರೆ ಅಮರೋನೆ ಮುಂದುವರಿಸುತ್ತೇನೆ, ಇಲ್ಲವಾದರೆ ಮುಂದಿನ ವರ್ಷದಿಂದ ಹಸಿ ಹಣ್ಣನ್ನೇ ಬೇರೆಯವರಿಗೆ ಕೊಟ್ಟುಬಿಡುತ್ತೇನೆ, ನಮ್ಮ ಮನೆಯ ವೈನು ನನ್ನೊಂದಿಗೇ ಮುಗಿಯುತ್ತದೆ ಎಂದರು. ಅಳುಕಿಲ್ಲದೆ ಹೇಳಿದರು, ನಾಳೆ ಮಳೆ ಬರಬಹುದು ಎನ್ನುವ ಹಾಗೆ.

ಪರೀಕ್ಷೆಗೆಂದು ಅವರು ನಲವತ್ತು ಟ್ರೇ ಹಣ್ಣು ಕಳಿಸಿದರು. ಜನವರಿಯಲ್ಲಿ ತಾವೇ ಬಂದು ನೋಡಿ ತೀರ್ಮಾನ ಹೇಳುವುದು ಎಂದಾಯಿತು. ನನ್ನ ಒಂದು ವರ್ಷದ ಕಾಂಟ್ರಾಕ್ಟ್ ಮುಗಿಯುವುದೂ ಜನವರಿಯಲ್ಲೇ. ಅವರದು ಎರಡೇ ಷರತ್ತು: ಗಾಳಿಯನ್ನು ಬಿಸಿ ಮಾಡಕೂಡದು, ಅವರ ಸೀಮೆಯ ಕಾಯಿದೆ ಅದನ್ನು ಒಪ್ಪುವುದಿಲ್ಲ. ಮತ್ತೆ ಇಲ್ಲಿ ಒಣಗಿದ ಹಣ್ಣಿನಿಂದ ಏನೇ ತೆಗೆದರೂ ಅದನ್ನು ಅಮರೋನೆ ಎಂದು ಕರೆಯಕೂಡದು, ಆ ಹೆಸರು ಆ ಗುಡ್ಡಗಳ ಅಟ್ಟದಲ್ಲಿ ಒಣಗಿದ್ದಕ್ಕೆ ಮಾತ್ರ.

ಟ್ರೇಗಳ ಜೊತೆ ಒಂದು ಬಾಟಲಿಯೂ ಬಂದಿತ್ತು. ಯಾವುದಕ್ಕಾಗಿ ಕೆಲಸ ಮಾಡುತ್ತಿದ್ದೀರೆಂದು ತಿಳಿದಿರಲಿ ಎಂದು ಚೀಟಿ. ನಾನು ಎರಡು ಗುಟುಕಿನ ಗಿರಾಕಿ, ಅಷ್ಟೇ ಕುಡಿದೆ. ಮೂಗಿಗೆ ಮೊದಲು ಬಂದದ್ದು ಒಣಗಿದ ಬೋರೆಹಣ್ಣಿನ ವಾಸನೆ, ಆಮೇಲೆ ಆಲೆಮನೆಯಲ್ಲಿ ಬೆಲ್ಲದ ಪಾಕ ಒಂದು ಹದ ದಾಟಿದಾಗ ಬರುವ ವಾಸನೆ. ಬಾಯಿಗೆ ಹೋದದ್ದು ಸಿಹಿಯಲ್ಲ. ಮೈತುಂಬಿಕೊಂಡು ನಾಲಗೆಯ ಮೇಲೆ ಕೂತು, ಕೊನೆಗೆ ಕಹಿ ಬಾದಾಮಿಯ ಹಾಗೆ ಚುರುಕ್ಕೆಂದಿತು. ಇಟಾಲಿಯನ್‌ನಲ್ಲಿ ಅಮರೋ ಎಂದರೆ ಕಹಿ, ಹೆಸರಿನಲ್ಲೇ ಅದು ಇದೆಯಂತೆ. ಇವರ ಕಡೆ ಹಿಂದೆ ಒಣಗಿಸಿದ ದ್ರಾಕ್ಷಿಯಿಂದ ಹಬ್ಬಕ್ಕೆ ಸಿಹಿ ವೈನನ್ನೇ ಮಾಡುತ್ತಿದ್ದರು. ಯಾರೋ ಒಂದು ಪೀಪಾಯಿ ಮರೆತರು, ಅದು ತನ್ನ ಸಕ್ಕರೆಯನ್ನೆಲ್ಲ ತಾನೇ ತಿಂದು ಮುಗಿಸಿತು, ತೆಗೆದು ನೋಡಿದರೆ ಇದು ಹುಟ್ಟಿತ್ತು ಎಂದು ಕಥೆ. ಮರೆವಿನಿಂದ ಇಷ್ಟು ಒಳ್ಳೆಯದಾಗುವುದಾದರೆ ಬುದ್ಧಿ ಉಪಯೋಗಿಸಿದರೆ ಇನ್ನೆಷ್ಟಾಗಬೇಕು ಎಂದು ನಾನು ಲೆಕ್ಕ ಹಾಕಿದೆ.

ನನ್ನ ಜೊತೆಗಿದ್ದವರು ಅರವತ್ತು ದಾಟಿದ ಒಬ್ಬ ತಂತ್ರಜ್ಞರು. ಉತ್ತರದ ಕಡಲತಡಿಯ ಟ್ಯುಲಿಪ್ ಊರಿನವರು, ಗೆಡ್ಡೆ ಬೆಳೆಯುವವರ ಮಗ. ಉದ್ದ ಆಳು, ಗಿಡ್ಡ ಮಾತು. ಹನ್ನೆರಡು ಗಂಟೆಗೆ ಬ್ರೆಡ್ಡಿನ ಡಬ್ಬಿ ತೆರೆದರೆ ಹನ್ನೆರಡೂವರೆಗೆ ಮುಚ್ಚುವವರು. ಇಬ್ಬರೂ ಸೇರಿ ಗೋದಾಮಿನಲ್ಲಿ ಒಂದು ಕೋಣೆಯನ್ನು ಸಿದ್ಧಮಾಡಿದೆವು. ಟ್ರೇ ಜೋಡಿಸಿದ ಚೌಕಟ್ಟಿನ ಕೆಳಗೆ ತೂಕದ ಸೆನ್ಸರ್ ಇಟ್ಟು, ಹಣ್ಣಿನ ತೂಕ ಗಂಟೆಗಂಟೆಗೂ ದಾಖಲಾಗುವಂತೆ ಮಾಡಿದೆವು. ಒಂದು ಕೋಣೆಗೆ ಹಿಡಿಯುವುದು ಇಪ್ಪತ್ತೇ ಟ್ರೇ, ಎರಡನೆಯ ಕೋಣೆಯ ಕೆಲಸ ಇನ್ನೂ ಮುಗಿದಿರಲಿಲ್ಲವಾದ್ದರಿಂದ ಇಪ್ಪತ್ತು ಟ್ರೇಗಳನ್ನು ತಣ್ಣನೆಯ ಕೋಣೆಯಲ್ಲಿ ಬಿಟ್ಟು, ಉಳಿದ ಇಪ್ಪತ್ತರಿಂದ ಶುರುಮಾಡಿದೆವು.

ಇಲ್ಲಿ ನನ್ನ ಮನೆತನದ ಹೆಮ್ಮೆ ಕೆಲಸ ಮಾಡಿತು. ನಮ್ಮಲ್ಲಿ ಒಣದ್ರಾಕ್ಷಿಗೆ ಬೇಗ ಒಣಗುವುದೇ ಗುಣ. ಗೊನೆಯನ್ನು ಎಣ್ಣೆ ಮತ್ತು ಪೊಟ್ಯಾಶ್ ಬೆರೆಸಿದ ನೀರಿನಲ್ಲಿ ಅದ್ದಿ ತೆಗೆದರೆ ಸಿಪ್ಪೆಯ ಮೇಲಿನ ಮೇಣ ಸಡಿಲಾಗಿ ಒಳಗಿನ ನೀರು ಹೊರಡಲು ದಾರಿಯಾಗುತ್ತದೆ. ಬಲೆಯ ಮೇಲೆ ಹರಡಿದರೆ ಹದಿನೈದು ಇಪ್ಪತ್ತು ದಿನಕ್ಕೆ ಮಾಲು ತಯಾರು. ತಡವಾದಷ್ಟೂ ಬಣ್ಣ ಕೆಡುತ್ತದೆ, ಅಕಾಲ ಮಳೆಯ ಭಯ. ಹಣ್ಣು ಒಣಗಿಸುವುದೆಂದರೆ ನೀರಿನ ಜೊತೆ ಓಟದ ಪಂದ್ಯ ಎಂಬುದು ನನ್ನ ರಕ್ತದಲ್ಲೇ ಇತ್ತು. ಎಣ್ಣೆಯಲ್ಲಿ ಅದ್ದುವ ಹಾಗಿರಲಿಲ್ಲ, ಬಿಸಿ ಮಾಡುವ ಹಾಗಿರಲಿಲ್ಲ. ಆದರೆ ತೇವ ಹೀರುವ ಯಂತ್ರಕ್ಕೆ, ಫ್ಯಾನಿಗೆ ಯಾರ ಅಡ್ಡಿ? ಎರಡನ್ನೂ ಏರಿಸಿದೆ. ತೂಕದ ಗೆರೆ ಜಾರುಬಂಡೆಯ ಹಾಗೆ ಇಳಿಯಿತು. ಹದಿನೆಂಟನೆಯ ದಿನಕ್ಕೆ ತೂಕದ ಕಾಲು ಭಾಗ ಹೋಗಿತ್ತು. ಗ್ರಾಫು ಮತ್ತು ಹಣ್ಣಿನ ಫೋಟೋ ಇಟಲಿಗೆ ಕಳಿಸಿ ಹೊಗಳಿಕೆಗೆ ಕಾದು ಕೂತೆ.

ಅರ್ಧ ಗಂಟೆಯಲ್ಲಿ ಫೋನು ಬಂತು. ತಂಗಿಯ ಮಗಳ ದನಿ ಸಂಕೋಚದಿಂದ ಮೆಲ್ಲಗಾಗಿತ್ತು. ಹಿಂದಿನಿಂದ ಹಿರಿಯಾಕೆಯ ಇಟಾಲಿಯನ್ ಮಾತ್ರ ಜೋರಾಗಿಯೇ ಕೇಳುತ್ತಿತ್ತು.

"ನಮ್ಮ ದೊಡ್ಡಮ್ಮ ಹೇಳ್ತಿದಾರೆ, ಇದು ಒಣದ್ರಾಕ್ಷಿ. ನನಗೆ ಒಣದ್ರಾಕ್ಷಿ ಬೇಡ. ಕೊಯ್ದ ಮೇಲೂ ಹಣ್ಣು ಬದುಕಿರುತ್ತೆ. ನೀರು ನಿಧಾನವಾಗಿ ಹೋದರೆ ಅದು ಒಳಗೊಳಗೇ ಬದಲಾಗುತ್ತೆ, ಹುಳಿ ಇಳಿಯುತ್ತೆ, ವಾಸನೆ ಕಟ್ಟಿಕೊಳ್ಳುತ್ತೆ. ನೀವು ಅದಕ್ಕೆ ಬದಲಾಗೋದಕ್ಕೆ ಸಮಯವೇ ಕೊಟ್ಟಿಲ್ಲ."

ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಸುಮ್ಮನೆ ಹೇಳಿಲ್ಲ. ನಾನು ನೀರು ತೆಗೆಯುವ ಕೆಲಸ ಎಂದುಕೊಂಡಿದ್ದೆ, ಅವರಿಗೆ ಬೇಕಿದ್ದದ್ದು ಕಾಯುವ ಕೆಲಸ. ನಲವತ್ತರಲ್ಲಿ ಇಪ್ಪತ್ತು ಟ್ರೇ ಹೋಯಿತು. ಉಳಿದದ್ದು ಇಪ್ಪತ್ತೇ, ಅವು ಕೆಟ್ಟರೆ ಎಲ್ಲ ಮುಗಿಯಿತು. ತಂತ್ರಜ್ಞರು ಹಾಳಾದ ಇಪ್ಪತ್ತನ್ನೂ ಈರುಳ್ಳಿ ಒಣಗಿಸುವ ಬಿಸಿಗಾಳಿಯ ಪೆಟ್ಟಿಗೆಗೆ ತಳ್ಳಿ ನಿಜವಾದ ಒಣದ್ರಾಕ್ಷಿಯನ್ನೇ ಮಾಡಿಬಿಟ್ಟರು. ದೀಪಾವಳಿಗೆ ನಾನು ಅದನ್ನು ಹಾಕಿ ಶಿರಾ ಮಾಡಿ ಆಫೀಸಿಗೆ ಒಯ್ದೆ. ವೈನಿನ ದ್ರಾಕ್ಷಿಯಲ್ಲಿ ಬೀಜ ಇರುತ್ತದೆಂಬುದನ್ನು ಮರೆತಿದ್ದೆ. ಕಟಕಟ ಎಂದು ಹಲ್ಲಿಗೆ ಸಿಗುವ ಶಿರಾವನ್ನು ನಮ್ಮ ತಂತ್ರಜ್ಞರು ಎರಡು ಸಲ ಹಾಕಿಸಿಕೊಂಡು "ಲೆಕ್ಕರ್" ಎಂದರು, ರುಚಿಯಾಗಿದೆ ಎಂದು ಅರ್ಥ. ಅವರು ಅಷ್ಟು ಹೊಗಳಿದ್ದು ಅದೇ ಮೊದಲು.

ಎರಡನೆಯ ಸುತ್ತಿಗೆ ನಾನು ಹಟಯೋಗಿಯಾದೆ. ಫ್ಯಾನು ತಗ್ಗಿಸಿದೆ. ದಿನಕ್ಕೆ ಇಷ್ಟೇ ತೂಕ ಇಳಿಯಬೇಕೆಂದು ಲೆಕ್ಕ ಹಾಕಿ ಪ್ರೋಗ್ರಾಮನ್ನು ಹೊಸದಾಗಿ ಬರೆದೆ. ನಮ್ಮ ಬಾಸಿಗೆ ಬೇಕಾದದ್ದು ಒಂದು ಗ್ರಾಫ್: ಶುರುವಿನಿಂದ ಜನವರಿಯವರೆಗೆ ಒಂದೇ ನೇರ ಗೆರೆ, ಎಲ್ಲೂ ತುಂಡಾಗದ್ದು. ಇಟಲಿಯವರಿಗೆ ತೋರಿಸಲು ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ ಎಂಬುದು ಅವರ ನಂಬಿಕೆ, ನನ್ನದೂ ಅದೇ. ಒಂದು ಟ್ರೇಯನ್ನು ಎತ್ತಿಟ್ಟರೂ ತೂಕದ ಗೆರೆ ಕುಪ್ಪಳಿಸಿಬಿಡುತ್ತದೆ. ಹಾಗಾಗಿ ಬಾಗಿಲ ಮೇಲೆ ಮುಟ್ಟಬಾರದು ಎಂದು ಡಚ್‌ನಲ್ಲಿ ಬರೆದೆ, ಇಂಗ್ಲಿಷಿನಲ್ಲಿ ಬರೆದೆ. ಐಂಡ್‌ಹೋವನ್‌ನಲ್ಲಿ ಯಾರು ಓದುತ್ತಾರೆ ಎಂದು ತಮಾಷೆಗೆ ಕೆಳಗೆ ಕನ್ನಡದಲ್ಲೂ ಬರೆದೆ.

ಓದುವವರು ನವೆಂಬರ್ ಮೊದಲ ವಾರ ಬಂದರು. ಮೂರು ತಿಂಗಳ ವೀಸಾ ಮೇಲೆ ಅವ್ವ ನನ್ನ ಬಳಿ ಇರಲು ಬಂದಳು. ನಮ್ಮ ಶೆಡ್ಡಿನ ಯಜಮಾನಿ ಅವಳೇ. ಅಪ್ಪ ತೋಟ ನೋಡುತ್ತಾನೆ, ಒಣಗಿಸುವುದು, ಜರಡಿ ಹಿಡಿಯುವುದು, ಗ್ರೇಡು ಮಾಡುವುದು ಎಲ್ಲ ಅವ್ವನ ಸುಪರ್ದಿ. ಬರುವಾಗ ಜೋಳದ ಹಿಟ್ಟು, ಶೇಂಗಾ ಚಟ್ನಿ, ಎರಡು ಕಿಲೋ ನಮ್ಮದೇ ಒಣದ್ರಾಕ್ಷಿ ತಂದಿದ್ದಳು. ನನ್ನ ಕೆಲಸ ಏನೆಂದು ನಾನು ಅವಳಿಗೆ ಪೂರ್ತಿ ಹೇಳಿರಲಿಲ್ಲ. ದ್ರಾಕ್ಷಿ ಒಣಗಿಸುವ ಮಶಿನು ಎಂದಿದ್ದೆ, ಆಮೇಲೆ ಅದು ಏನಾಗುತ್ತದೆಂದು ಹೇಳಿರಲಿಲ್ಲ. ಸೋಮವಾರ ಉಪವಾಸ ಮಾಡುವ ಅವ್ವನಿಗೆ ವೈನು ಎನ್ನಲು ನಾಲಗೆ ಏಳಲಿಲ್ಲ.

ನವೆಂಬರ್ ಕೊನೆಗೆ ಇಲ್ಲಿ ಸೂರ್ಯ ರಜೆ ಹಾಕುತ್ತಾನೆ. ಬೆಳಿಗ್ಗೆ ಮಂಜು, ಮಧ್ಯಾಹ್ನ ಜಿಟಿಜಿಟಿ ಮಳೆ, ಸಂಜೆ ಮತ್ತೆ ಮಂಜು. ಹೊರಗಿನ ಗಾಳಿ ಹಿಂಡಿದರೆ ನೀರು ಬರುವಷ್ಟು ಒದ್ದೆ. ನನ್ನ ಕೋಣೆಯೊಳಗೆ ಮಾತ್ರ ಎಲ್ಲವೂ ಹಸಿರು ದೀಪ. ಒಂದು ಶನಿವಾರ ಸೆನ್ಸರ್ ಪರೀಕ್ಷಿಸಲು ಹೋಗಬೇಕಿತ್ತು. ಮನೆಯಲ್ಲಿ ಕೂತು ಕೂತು ಬೇಸತ್ತಿದ್ದ ಅವ್ವನೂ ಬಸ್ಸು ಹತ್ತಿ ಜೊತೆಗೆ ಬಂದಳು, ಸೀರೆಯ ಮೇಲೆ ನನ್ನ ಜಾಕೆಟ್ಟು ಹಾಕಿಕೊಂಡು.

ಬಾಗಿಲ ಮೇಲಿನ ಬರಹವನ್ನು ಅವಳು ಮೆಲ್ಲಗೆ ಓದಿ, ಇದನ್ನು ನನಗೇ ಬರೆದಿದ್ದೀಯೇನು ಎಂದಳು. ನಾನು ನಕ್ಕು ಬಾಗಿಲು ತೆರೆದೆ. ಅವ್ವ ಹೊಸ್ತಿಲಲ್ಲೇ ನಿಂತಳು. ಮೂಗು ಮೇಲೆತ್ತಿದಳು.

"ಹುಳಿ ವಾಸನಿ ಬರಾಕತ್ತೈತಿ. ಒಳಗ ಯಾವುದೋ ಗೊನಿ ಕೆಟ್ಟೈತಿ."

ನಾನು ಪರದೆ ತೋರಿಸಿದೆ. ತೇವ ಸರಿ ಇದೆ, ಉಷ್ಣಾಂಶ ಸರಿ ಇದೆ, ತೂಕ ಗೆರೆ ಹಿಡಿದ ಹಾಗೆ ಇಳಿಯುತ್ತಿದೆ ಎಂದು ವಿವರಿಸಿದೆ. ಅವಳು ಪರದೆಯನ್ನು ಮರ್ಯಾದೆಗೆ ಒಂದು ಸಲ ನೋಡಿ, ಕೈ ಹಿಂದೆ ಕಟ್ಟಿಕೊಂಡು ಚೌಕಟ್ಟಿನ ಸುತ್ತ ನಡೆದಳು. ಮೂರು ಕಡೆ ನಿಂತಳು. ಒಂದು ಟ್ರೇ ತೆಗಿ, ಗೊನೆ ತಿರುವಿ ನೋಡೋಣ ಎಂದಳು. ತೆಗೆಯುವ ಹಾಗಿಲ್ಲ ಎಂದೆ. ಯಾಕೆ ಎಂದಳು. ಗ್ರಾಫು ಕೆಡುತ್ತದೆ ಎಂದೆ. ಅವ್ವ ನನ್ನನ್ನು ನೋಡಿದ ನೋಟಕ್ಕೆ ನಾನು ಎಂಟನೆಯ ಕ್ಲಾಸಿಗೆ ಇಳಿದುಹೋದೆ.

"ಎಷ್ಟ ದಿನ ಆತು ಇದನ್ನ ಮುಟ್ಟಲಾರದ?"

ಐದು ವಾರ ಎಂದೆ.

"ಐದು ವಾರ ಯಾರೂ ಕೈ ಹಚ್ಚಿಲ್ಲ? ಗೊನಿಗೆ ಗೊನಿ ತಾಗಿದಲ್ಲೇ ನೀರ ಕುಂದರತೈತಿ ನನ್ನವ್ವ. ನಿನ್ನ ಮಶಿನ್ ಖೋಲಿ ಗಾಳಿ ನೋಡತೈತಿ. ಗೊನಿ ಹೊಟ್ಟ್ಯಾಗಿನ ಗಾಳಿ ಯಾರ್ ನೋಡಬೇಕು?"

ನಾನು ಒಪ್ಪಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಗೋದಾಮಿನ ಪಕ್ಕದಲ್ಲಿ ಈರುಳ್ಳಿ ಇದೆ, ವಾಸನೆ ಅಲ್ಲಿಂದ ಬರುತ್ತಿರಬೇಕು ಎಂದು ವಾದಿಸಿ ಅವ್ವನನ್ನು ಮನೆಗೆ ಕರೆತಂದೆ. ಅವಳು ಮತ್ತೆ ಆ ಮಾತೆತ್ತಲಿಲ್ಲ. ರೊಟ್ಟಿ ಬಡಿದಳು, ಬದನೆಕಾಯಿ ಎಣ್ಣೆಗಾಯಿ ಮಾಡಿದಳು, ಫೋನಿನಲ್ಲಿ ಅಪ್ಪನ ಜೊತೆ ಮಾತಾಡಿದಳು. ಸುಮ್ಮನಿರುವ ಅವ್ವ ಬೈಯುವ ಅವ್ವನಿಗಿಂತ ಕಷ್ಟ. ಗೆರೆ ನೇರವಾಗಿದ್ದು ಹಣ್ಣು ಕೊಳೆತರೆ ಜನವರಿಯಲ್ಲಿ ಆ ಹಿರಿಯಾಕೆಗೆ ನಾನು ಏನು ತೋರಿಸುತ್ತೇನೆ? ನೇರ ಗೆರೆಯನ್ನು ಹಿಂಡಿದರೆ ರಸ ಬರುತ್ತದೆಯೇ?

ಭಾನುವಾರ ಬೆಳಿಗ್ಗೆ ತಂತ್ರಜ್ಞರಿಗೆ ಫೋನು ಮಾಡಿ ವಾಸನೆಯ ವಿಷಯ ಹೇಳಿದೆ. ಅವರು ತಮ್ಮಪ್ಪನ ವಿಷಯ ತೆಗೆದರು. ಅಪ್ಪ ಬೆಳಿಗ್ಗೆ ಕಾಫಿಯನ್ನೂ ಕುಡಿಯದೆ ಗೆಡ್ಡೆಯ ಕೋಣೆಗೆ ಹೋಗುತ್ತಿದ್ದರಂತೆ, ಬರಿಯ ಮೂಗಿನಿಂದ ಹುಳಿತ ಗೆಡ್ಡೆ ಹುಡುಕಲು. ಒಂದು ಹುಳಿತರೆ ಅದರ ಗಾಳಿಗೆ ಕೋಣೆಯ ಹೂವೆಲ್ಲ ಮೊಗ್ಗಿನಲ್ಲೇ ಸಾಯುತ್ತವೆ. "ನಾನು ಮೂವತ್ತು ವರ್ಷದಿಂದ ಸೆನ್ಸರ್ ಜೋಡಿಸ್ತಿದೀನಿ, ಮೂಗು ಉಪಯೋಗಿಸೋದನ್ನೇ ಬಿಟ್ಟಿದ್ದೆ. ಬರ್ತೀನಿ" ಎಂದರು. ಡಚ್ ಮನುಷ್ಯ ಭಾನುವಾರ ಕೆಲಸಕ್ಕೆ ಬರುತ್ತೇನೆ ಎನ್ನುವುದು ಸಣ್ಣ ಮಾತಲ್ಲ.

ಅವ್ವನನ್ನು ಕರೆದುಕೊಂಡು ಗೋದಾಮಿಗೆ ಹೋಗಿ, ಬಾಸಿಗೆ ಒಂದು ಸಂದೇಶ ಕಳಿಸಿದೆ: ಹಣ್ಣು ಕೆಟ್ಟಿರುವ ಸಂಶಯವಿದೆ, ಟ್ರೇ ತೆಗೆಯುತ್ತಿದ್ದೇನೆ, ಗ್ರಾಫು ತುಂಡಾಗುತ್ತದೆ, ಜವಾಬ್ದಾರಿ ನನ್ನದು. ಉತ್ತರ ಬರುವ ಮೊದಲೇ, ಬಂದರೆ ಧೈರ್ಯ ಹೋದೀತು ಎಂದು, ತೂಕದ ಸೆನ್ಸರನ್ನು ಆರಿಸಿದೆ.

ಮೊದಲ ಟ್ರೇಯಲ್ಲಿ ಏನೂ ಇರಲಿಲ್ಲ. ಎರಡನೆಯದರಲ್ಲೂ ಇಲ್ಲ. ನಾನು ಅವ್ವನ ಕಡೆ ನೋಡಿದೆ, ಅವಳು ತಾನು ಶನಿವಾರ ನಿಂತಿದ್ದ ಮೂರು ಜಾಗಗಳಲ್ಲಿ ಒಂದನ್ನು ತೋರಿಸಿದಳು. ಅಲ್ಲಿಯ ಟ್ರೇ ಇಳಿಸಿ ಗೊನೆ ತಿರುವಿದರೆ, ಮೇಲೆ ಲಕ್ಷಣವಾಗಿದ್ದ ಹಣ್ಣಿನ ಹೊಟ್ಟೆಯಲ್ಲಿ ಬೂದು ಬಣ್ಣದ ಬೂಷ್ಟು ಹತ್ತಿಯ ಹಾಗೆ ಬೆಳೆದಿತ್ತು. ಇಪ್ಪತ್ತರಲ್ಲಿ ಏಳು ಟ್ರೇಗಳಲ್ಲಿ ಬೂಷ್ಟಿತ್ತು. ಇನ್ನೊಂದು ವಾರ ಬಿಟ್ಟಿದ್ದರೆ ಇಪ್ಪತ್ತನ್ನೂ ಕಸದ ಗಾಡಿಗೆ ಹಾಕಬೇಕಿತ್ತು.

ಮೇಜಿನ ಮೇಲೆ ಹಳೆಯ ಹಾಸಿಗೆ ಬಟ್ಟೆ ಹರಡಿ ಮೂವರೂ ಕೂತೆವು. ಅವ್ವ ಅಡುಗೆಮನೆಯ ಕತ್ತರಿ ತಂದಿದ್ದಳು, ತಂತ್ರಜ್ಞರು ಗೆಡ್ಡೆ ಕೊಯ್ಯುವ ತಮ್ಮಪ್ಪನ ಪುಟ್ಟ ಚಾಕು. ಒಂದೊಂದೇ ಗೊನೆ ಎತ್ತಿ ಬೆಳಕಿಗೆ ಹಿಡಿದು, ಕೆಟ್ಟ ಹಣ್ಣನ್ನು ಅದರ ಪಕ್ಕದ ಎರಡು ಒಳ್ಳೆಯ ಹಣ್ಣಿನ ಸಮೇತ ಕತ್ತರಿಸುವುದು, ತೊಟ್ಟಿನ ಕಂಕುಳನ್ನು ಮೂಸುವುದು, ಗೊನೆಗೆ ಗೊನೆ ತಾಗದಂತೆ ತಿರುವಿ ಇಡುವುದು. ಅವ್ವನಿಗೆ ಡಚ್ ಬಾರದು, ಅವರಿಗೆ ಕನ್ನಡ ಬಾರದು. ಸಂಶಯ ಬಂದ ಗೊನೆಯನ್ನು ಒಬ್ಬರು ಇನ್ನೊಬ್ಬರ ಮೂಗಿಗೆ ಹಿಡಿಯುತ್ತಿದ್ದರು, ತಲೆ ಅಲ್ಲಾಡಿಸಿ ತೀರ್ಮಾನ ಮಾಡುತ್ತಿದ್ದರು. ನಾನು ನಡುವೆ ಕೂತು ಇಬ್ಬರಿಂದಲೂ ಬೈಸಿಕೊಂಡೆ. ಹನ್ನೆರಡು ಗಂಟೆಗೆ ಅವರ ಬ್ರೆಡ್ಡಿನ ಡಬ್ಬಿಯ ಪಕ್ಕದಲ್ಲಿ ಅವ್ವನ ಡಬ್ಬಿಯೂ ತೆರೆಯಿತು. ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಉದುರಿಸಿಕೊಂಡು ತಿಂದ ಅವರು ಒಂದೂವರೆಯಾದರೂ ಡಬ್ಬಿ ಮುಚ್ಚಲಿಲ್ಲ. ಆ ದಿನ ನಾನು ಎಷ್ಟು ಸುಖವಾಗಿದ್ದೆನೆಂದರೆ ಕೆಲಸ ಹೋಗಬಹುದೆಂಬುದೇ ಮರೆತುಹೋಗಿತ್ತು.

ಆಗಲೇ ಅವ್ವ ಕೇಳಿದಳು, ಇಷ್ಟು ಜೋಪಾನ ಮಾಡಿ ಇದನ್ನು ಏನು ಮಾಡುತ್ತಾರೆ, ಒಣದ್ರಾಕ್ಷಿ ಅಂತೂ ಅಲ್ಲ, ಬೀಜದ ಹಣ್ಣು ಯಾರು ತಿನ್ನುತ್ತಾರೆ ಎಂದು. ನಾನು ತಲೆ ತಗ್ಗಿಸಿ ವೈನ್ ಎಂದೆ. ಅವಳ ಕತ್ತರಿ ಒಂದು ಕ್ಷಣವೂ ನಿಲ್ಲಲಿಲ್ಲ.

"ನನಗ ವಾಸನಿ ಮ್ಯಾಲೇ ಗೊತ್ತಾತು. ಹಣ್ಣಿಗೇನ್ ಗೊತ್ತವಾ, ಯಾರ ಬಾಯಿಗೆ ಹೋಗ್ತೀನಿ ಅಂತ. ನಮ್ಮ ಕೈಯಾಗ ಇರೋ ತನಕ ಚೊಲೊ ಇರಬೇಕು, ಅಷ್ಟ."

ಸೋಮವಾರ ಬಾಸ್ ನನ್ನನ್ನು ಕರೆದರು. ಬೈಯಲಿಲ್ಲ, ಇಲ್ಲಿಯವರು ಬೈಯುವುದೂ ಕಡಿಮೆ. ಗ್ರಾಫಿನಲ್ಲಿ ದೊಡ್ಡ ಗುಂಡಿ ಬಿದ್ದಿದೆ, ಇದನ್ನು ತೋರಿಸಿ ಯಂತ್ರ ಮಾರುವುದು ಹೇಗೆ ಎಂದು ಮಾತ್ರ ಕೇಳಿದರು. ಗುಂಡಿ ತೋಡಿದವಳು ನಾನು, ಇಟಲಿಯವರು ಬಂದಾಗ ನಾನೇ ಹೇಳುತ್ತೇನೆ ಎಂದೆ. ಅದಾದ ಮೇಲೆ ಹತ್ತು ದಿನಕ್ಕೊಮ್ಮೆ ಸೆನ್ಸರ್ ಆರಿಸುವುದು, ಟ್ರೇ ಇಳಿಸುವುದು, ಗೊನೆ ತಿರುವುವುದು ನಮ್ಮ ವ್ರತವಾಯಿತು. ದಿನವೂ ಒಂದೇ ಸಮ ತೂಕ ಇಳಿಸುವ ಲೆಕ್ಕವನ್ನೂ ಕೈಬಿಟ್ಟೆ. ಒಣಗಾಳಿ ಬೀಸಿದ ದಿನ ಕಿಟಕಿ ತೆರೆಯಲಿ, ಮಂಜಿನ ದಿನ ಮುಚ್ಚಿಕೊಂಡು ಸುಮ್ಮನಿರಲಿ ಎಂದು ಪ್ರೋಗ್ರಾಂ ಬದಲಿಸಿದೆ. ಗೆರೆ ಅಂಕುಡೊಂಕಾಯಿತು. ಹಣ್ಣು ಮಾತ್ರ ದಿನದಿನಕ್ಕೆ ಕಪ್ಪಾಗಿ, ಸುಕ್ಕಾಗಿ, ಮೂಗಿಗೆ ಹಿಡಿದರೆ ಆ ಮೊದಲ ಬಾಟಲಿಯ ಬೋರೆಹಣ್ಣಿನ ವಾಸನೆ ಕೊಡತೊಡಗಿತು.

ಜನವರಿ ಮೂರನೆಯ ವಾರ ಹಿರಿಯಾಕೆ ಬಂದರು. ಗುಂಡು ಗುಂಡಾದ ಹೆಂಗಸು, ಕೈಯಲ್ಲಿ ಕೋಲು, ಕೋಟಿನ ಜೇಬಿನಲ್ಲಿ ಕನ್ನಡಕ. ಪಕ್ಕದಲ್ಲಿ ತಂಗಿಯ ಮಗಳು. ಬಾಸ್ ದೊಡ್ಡ ಪರದೆಯ ಮೇಲೆ ಗ್ರಾಫು ಹಾಕಿ ಕಾಯುತ್ತಿದ್ದರು. ಹಿರಿಯಾಕೆ ಅದರ ಮುಂದೆಯೇ ಹಾದು ನೇರ ಹಣ್ಣಿನ ಕೋಣೆಗೆ ಹೋದರು. ಒಂದು ಹಣ್ಣು ಕಿತ್ತು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರು. ಸಿಪ್ಪೆ ಬಿಡಿಸಿ ಒಳಮೈ ನೋಡಿದರು. ಬೀಜವನ್ನು ಕಟಕ್ಕನೆ ಕಡಿದರು. ಆಮೇಲೆ ಗೊನೆ ತಿರುವಿ ತೊಟ್ಟಿನ ಕಂಕುಳನ್ನು ಮೂಸಿದರು, ಥೇಟು ಅವ್ವನ ಹಾಗೆ. ಮುಖದಲ್ಲಿ ಏನೂ ಕಾಣಲಿಲ್ಲ. ಹೊರಗೆ ಬಂದು ಕನ್ನಡಕ ಹಾಕಿಕೊಂಡು ಪರದೆಯ ಮುಂದೆ ನಿಂತರು. ಕೋಲಿನ ತುದಿಯಿಂದ ಆ ಗುಂಡಿಯನ್ನೇ ಮುಟ್ಟಿ, ಇಲ್ಲಿ ಏನಾಯಿತು ಎಂದು ಕೇಳಿದರು.

ಬಾಸ್ ನನ್ನ ಕಡೆ ನೋಡಿದರು. ನಾನು ಎಲ್ಲವನ್ನೂ ಹೇಳಿದೆ: ಮುಟ್ಟಬಾರದು ಎಂದು ಬರೆದದ್ದು, ಅವ್ವನ ಮಾತಿಗೆ ಈರುಳ್ಳಿಯ ನೆಪ ಹೇಳಿದ್ದು, ಬೂಷ್ಟು, ಭಾನುವಾರ, ಆಮೇಲೆ ಹತ್ತು ದಿನಕ್ಕೊಮ್ಮೆ ಬಿದ್ದ ಚಿಕ್ಕ ಗುಂಡಿಗಳು. ತಂಗಿಯ ಮಗಳು ಒಂದೊಂದೇ ವಾಕ್ಯ ದಾಟಿಸಿದಳು. ಹಿರಿಯಾಕೆ ಕೇಳುತ್ತ ಕೇಳುತ್ತ ನಗಲು ಶುರುಮಾಡಿದರು.

"ಈ ಗುಂಡಿ ಕಾಣದೇ ಇದ್ದಿದ್ದರೆ ದೊಡ್ಡಮ್ಮ ವಾಪಸ್ಸು ಹೊರಡ್ತಿದ್ದರಂತೆ" ಎಂದಳು ತಂಗಿಯ ಮಗಳು. "ನೂರು ದಿನ ಯಾರೂ ಒಳಗೆ ಹೋಗದ ಹಣ್ಣನ್ನ ನಾನು ಹಿಂಡೋದಿಲ್ಲ ಅಂತಿದಾರೆ. ನಿಮ್ಮ ತಾಯಿ ಎಲ್ಲಿದಾರೆ ಅಂತ ಕೇಳ್ತಿದಾರೆ."

ಅವ್ವ ಪಕ್ಕದ ಕೋಣೆಯಲ್ಲೇ ಇದ್ದಳು. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಅಂಗೈ ನೋಡಿಕೊಂಡರು. ಅಲ್ಲಿ ಪರಿಚಯ ಮುಗಿಯಿತು. ಅವ್ವ ತಂದಿದ್ದ ಒಣದ್ರಾಕ್ಷಿಯನ್ನು ಬೊಗಸೆಯಲ್ಲಿ ಕೊಟ್ಟಳು. ಅವರು ತಿಂದು, ಇಷ್ಟು ಬೆಳ್ಳಗೆ ಹೇಗೆ ಉಳಿಯುತ್ತದೆ ಎಂದು ಕೇಳಿದರು. ಎಣ್ಣೆಯಲ್ಲಿ ಅದ್ದುವ ವಿಷಯ ಹೇಳಿದಾಗ ಹಣೆ ಚಚ್ಚಿಕೊಂಡರು, ಆಮೇಲೆ ಇನ್ನೊಂದು ಮುಷ್ಟಿ ತೆಗೆದುಕೊಂಡರು.

ಮಧ್ಯಾಹ್ನ ಹಣ್ಣು ಹಿಂಡಿದೆವು. ಟಬ್ಬಿನ ಮುಂದೆ ಅವ್ವ ಸೆರಗು ಸಿಕ್ಕಿಸಿ ಕೂತಳು, ಮೊಣಕೈವರೆಗೆ ನೇರಳೆ ಬಣ್ಣವಾಯಿತು. ರಸ ಎಣ್ಣೆಯ ಹಾಗೆ ಗಟ್ಟಿ. ಎರಡು ದೊಡ್ಡ ಗಾಜಿನ ಜಾಡಿ ತುಂಬಿತು. ಅಮರೋನೆ ಎಂದು ಅದರ ಮೇಲೆ ಬರೆಯುವ ಹಾಗಿಲ್ಲವಾದ್ದರಿಂದ ತಂತ್ರಜ್ಞರು ಬರೀ ದಿನಾಂಕ ಬರೆದು ಅಂಟಿಸಿದರು. ಒಂದು ವಾರದ ಮೇಲೆ, ಅವ್ವ ಊರಿಗೆ ಹೊರಡುವ ಹಿಂದಿನ ದಿನ, ಜಾಡಿಯಲ್ಲಿ ಮೊದಲ ಗುಳ್ಳೆ ಎದ್ದಿತು. ಅವ್ವ ಕಿವಿ ಇಟ್ಟು ಕೇಳಿದಳು. ಇದು ಮುಗಿದು ಹದಕ್ಕೆ ಬರಲು ಎರಡು ವರ್ಷ ಬೇಕು, ಆಗ ಮತ್ತೆ ಬಾ ಎಂದೆ. ಕುಡಿಯುವುದಿಲ್ಲ, ಮೂಸಿ ನೋಡಲು ಬೇಕಾದರೆ ಬರುತ್ತೇನೆ ಎಂದಳು.

ಹಿರಿಯಾಕೆ ಯಂತ್ರಕ್ಕೆ ಒಪ್ಪಿದರು, ಆದರೆ ಒಂದು ತಿದ್ದುಪಡಿ ಕೇಳಿದರು. ಹತ್ತು ದಿನಕ್ಕೊಮ್ಮೆ ಅದು ತಾನಾಗಿಯೇ ನಿಲ್ಲಬೇಕು, ಪರದೆಯ ಮೇಲೆ ಸೂಚನೆ ಬರಬೇಕು, ಯಾರಾದರೂ ಅಟ್ಟ ಹತ್ತಿ ಟ್ರೇಗಳನ್ನು ನೋಡಿ, ಸಂಶಯವಿದ್ದದ್ದನ್ನು ಕೆಳಗೆ ಅವರ ಅಡುಗೆಮನೆ ಮೇಜಿಗೆ ತರಬೇಕು. ಮೊಣಕಾಲಿಗೆ ಏಣಿ ಹತ್ತಲಾಗದಿದ್ದರೆ ಹಣ್ಣೇ ಇಳಿದು ಬರಲಿ. ನಾನು ಅದನ್ನು ಬರೆಯುವಾಗ ಆ ಭಾಗಕ್ಕೆ ತಾತ್ಕಾಲಿಕವಾಗಿ ಅವ್ವ ಎಂದು ಹೆಸರಿಟ್ಟಿದ್ದೆ, ತೆಗೆಯಲು ಮರೆತೆ. ಅದು ಪರದೆಯ ಮೇಲೂ ಹಾಗೆಯೇ ಬರುತ್ತದೆ. ತೆಗೆಯುತ್ತೇನೆ ಎಂದರೆ ಅವರು ಬಿಡಲಿಲ್ಲ. ನನ್ನ ಕಾಂಟ್ರಾಕ್ಟ್ ಕಾಯಂ ಆಯಿತು, ಬಾಗಿಲ ಮೇಲಿನ ಬರಹವನ್ನು ತಂತ್ರಜ್ಞರು ಕಿತ್ತು ತಮ್ಮ ಬ್ರೆಡ್ಡಿನ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿಕೊಂಡರು.

ಈ ಅಕ್ಟೋಬರಿನಲ್ಲಿ ಆ ಅಟ್ಟದ ಮೇಲೆ ನಿಜವಾದ ಅಮರೋನೆಯ ಹಣ್ಣು ಹರಡಿದೆ. ಮೊನ್ನೆ ಮಧ್ಯಾಹ್ನ ಹಿರಿಯಾಕೆಯ ತಂಗಿಯ ಮಗಳಿಂದ ಒಂದು ಫೋಟೋ ಬಂತು: ಅಡುಗೆಮನೆ ಮೇಜು, ಅದರ ಮೇಲೆ ಒಂದು ಟ್ರೇ, ಪಕ್ಕದಲ್ಲಿ ಕನ್ನಡಕ. ಇವತ್ತು ಅವ್ವನ ದಿನ ಎಂದು ಕೆಳಗೆ ಬರೆದಿದ್ದಳು. ನಾನು ಅದನ್ನು ಊರಿಗೆ ಅವ್ವನಿಗೆ ಕಳಿಸಿದೆ. ಐದು ನಿಮಿಷಕ್ಕೆ ಅವಳ ದನಿ ಬಂತು.

"ಎಡಗಡೆ ಮೂರನೇ ಗೊನಿ ತಿರುವಿ ನೋಡಾಕ ಹೇಳು."

ನಾನು ಅದನ್ನು ಇಂಗ್ಲಿಷಿನಲ್ಲಿ ಬರೆದು ಇಟಲಿಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಫೋಟೋ ಬಂತು. ಅದೇ ಗೊನೆ, ತಿರುವಿ ಹಾಕಿದ್ದು, ನಡುವೆ ಬೂಷ್ಟು ಹಿಡಿದ ಒಂದೇ ಒಂದು ಹಣ್ಣು, ಅದರ ಪಕ್ಕಕ್ಕೆ ಕತ್ತರಿ.